ಕೆರೆಗೆ ದುಡ್ಡು ಎಲ್ಲಿಂದ ತರೋಣ?

(ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೋದ ಸಭೆಯಲ್ಲಿ ನಮ್ಮ ಬಡಾವಣೆಯ ಹಿಂದಿನ ಕುಂಟದ ಬಗ್ಗೆ ಮಾತು ಬಂತು. ಇಲ್ಲಿಯವರು ಕುಂಟ ಎನ್ನುವುದು ನಮ್ಮ ಕಡೆಯ ಕಟ್ಟೆಯನ್ನು, ಅಂದರೆ ಚಿಕ್ಕ ಕೆರೆಯನ್ನು. ಅದನ್ನು ಉಳಿಸಬೇಕು ಎನ್ನುವುದಕ್ಕೆ ಯಾರೂ ಬೇಡ ಅನ್ನಲಿಲ್ಲ. ದುಡ್ಡು ಎಲ್ಲಿಂದ ಎಂದು ಒಬ್ಬರು ಕೇಳಿದರು. ಅಷ್ಟೇ, ಕಾಫಿ ಬಂತು, ಸಭೆ ಮುಗಿಯಿತು. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬಾ ಎಂದು ಅಧ್ಯಕ್ಷರು ನನಗೆ ಹೇಳಿದ್ದರು. ನಾನು ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿಯಲ್ಲಿ ಸಿಎಸ್‌ಆರ್ ಹಣ ಕೇಳಿ ಬರುವ ಅರ್ಜಿಗಳನ್ನು ಓದುವ ಸ್ವಯಂಸೇವಕರ ತಂಡದಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಹಾಗಾಗಿ ಹಣ ಕೊಡುವವರ ಕಡೆಯಿಂದ ಈ ವಿಷಯ ಹೇಗೆ ಕಾಣುತ್ತದೆ ಎನ್ನುವುದು ಸ್ವಲ್ಪ ಗೊತ್ತು. ಅದನ್ನೇ ಇವತ್ತು ಹಂಚಿಕೊಳ್ಳುತ್ತೇನೆ.

ಮೊದಲು ಒಂದು ಸಂಶಯ ಬಗೆಹರಿಸೋಣ. ನಾವು ಕನ್ನಡ ಸಂಘದವರು. ರಾಜ್ಯೋತ್ಸವ, ಹಬ್ಬ, ನಾಟಕ ಮಾಡುವವರು. ತೆಲುಗು ನಾಡಿನ ಕೆರೆಯ ಉಸಾಬರಿ ನಮಗೇಕೆ ಎಂದು ಕೆಲವರು ಕೇಳಿದ್ದಾರೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ಊರನ್ನು ಮುಳುಗಿಸಿತು. ಸಾವಿರಾರು ಜನ ಸತ್ತರು. ಇವತ್ತಿಗೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಸೆ ಮರವಿದೆ. ಆ ದಿನ ನೂರೈವತ್ತು ಜನ ಅದನ್ನು ಹತ್ತಿ ಜೀವ ಉಳಿಸಿಕೊಂಡರು ಎಂದು ಹೇಳುತ್ತಾರೆ. ಮರುವರ್ಷ, 1909ರಲ್ಲಿ, ಮತ್ತೆ ಹೀಗಾಗದಂತೆ ದಾರಿ ತೋರಿಸಲು ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ನೆರೆನೀರನ್ನು ಅಲ್ಲೇ ಹಿಡಿಯಬೇಕು ಎಂದು ಅವರು ಹೇಳಿದರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಆದವು. ಈ ಊರಿನ ನೀರಿನ ಚರಿತ್ರೆಯಲ್ಲಿ ಮುದ್ದೇನಹಳ್ಳಿಯ ಹೆಸರು ಆಗಲೇ ಸೇರಿದೆ. ಅವರು ಇದು ನನ್ನೂರಲ್ಲ ಎಂದು ವಾಪಸ್ ಹೋಗಿದ್ದರೆ ಏನಾಗುತ್ತಿತ್ತು ಯೋಚಿಸಿ. ಇಲ್ಲಿ ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡುತ್ತಾ ಕೂರುವವರು ನಾವೇ. ಬೋರ್‌ವೆಲ್ ಬತ್ತಿದರೆ ಅದು ಯಾವ ಭಾಷೆಯವರ ಮನೆ ಎಂದು ನೋಡುವುದಿಲ್ಲ.

ಈಗ ದುಡ್ಡಿನ ವಿಷಯ. ಎಲ್ಲರ ಮನಸ್ಸಿಗೆ ಮೊದಲು ಬರುವುದು ಸಿಎಸ್‌ಆರ್. ಹೈಟೆಕ್ ಸಿಟಿಯಲ್ಲಿ ಇಷ್ಟೊಂದು ಕಂಪನಿಗಳಿವೆ, ಕೇಳಿದರೆ ಕೊಡುವುದಿಲ್ಲವೇ ಎನ್ನುತ್ತೇವೆ. ನಿಯಮ ಏನೆಂದು ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, 500 ಕೋಟಿ ನಿವ್ವಳ ಮೌಲ್ಯ, ಅಥವಾ 1000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸಕ್ಕೆ ಎನ್ನುವ ಪಟ್ಟಿ ಅದೇ ಕಾಯ್ದೆಯ 7ನೇ ಶೆಡ್ಯೂಲಿನಲ್ಲಿದೆ. ಪರಿಸರ, ಮಣ್ಣು, ನೀರು, ಗಾಳಿ, ಗಿಡಮರ, ಪ್ರಾಣಿಪಕ್ಷಿ ಎಲ್ಲವೂ ಅದರಲ್ಲಿ ಬರುತ್ತವೆ. ಕಂಪನಿ ತಾನಿರುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದೂ ಇದೆ. ಇಲ್ಲಿಯವರೆಗೆ ಎಲ್ಲವೂ ನಮ್ಮ ಪರವಾಗಿಯೇ ಇದೆ.

ತೊಡಕು ಮುಂದಿದೆ. ಕಂಪನಿ ಯಾರ ಕೈಗೆ ಬೇಕಾದರೂ ಹಣ ಕೊಡುವ ಹಾಗಿಲ್ಲ. ಹಣ ಪಡೆಯುವ ಸೊಸೈಟಿಗೋ ಟ್ರಸ್ಟಿಗೋ ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ ಇರಬೇಕು. 2021ರ ಏಪ್ರಿಲಿನಿಂದ ಸಿಎಸ್‌ಆರ್-1 ಎಂಬ ಅರ್ಜಿ ಸಲ್ಲಿಸಿ ನಂಬರು ಪಡೆದಿರಬೇಕು. ಅದಕ್ಕಿಂತ ಮುಖ್ಯವಾಗಿ, ಅದೇ ಬಗೆಯ ಕೆಲಸವನ್ನು ಕನಿಷ್ಠ ಮೂರು ವರ್ಷ ಮಾಡಿದ ದಾಖಲೆ ಇರಬೇಕು. ನಮ್ಮ ಸಂಘಕ್ಕೆ ದಶಕಗಳ ಇತಿಹಾಸವಿದೆ, ನಿಜ. ಆದರೆ ಅದು ಸಾಹಿತ್ಯ ಸಂಸ್ಕೃತಿಯ ಇತಿಹಾಸ. ಕೆರೆ ಕೆಲಸದ ಮೂರು ವರ್ಷ ನಮ್ಮ ಬಳಿ ಇಲ್ಲ.

ಹಾಗಾದರೆ ದಾರಿ ಮುಚ್ಚಿತೇ? ಇಲ್ಲ, ಎರಡು ದಾರಿ ಇವೆ. ಮೊದಲನೆಯದು, ಈ ಕಾಗದಪತ್ರಗಳೆಲ್ಲ ಇರುವ, ಇದೇ ಊರಿನಲ್ಲಿ ಕೆರೆ ಬಾವಿಗಳ ಕೆಲಸ ಮಾಡುತ್ತಿರುವ ಸಂಸ್ಥೆಯ ಜೊತೆ ಸೇರುವುದು. ಹಣ ಅವರ ಖಾತೆಗೆ, ಕೆಲಸ ಇಬ್ಬರದೂ. ಹೈದರಾಬಾದಿನಲ್ಲಿ ಅಂಥವರಿದ್ದಾರೆ. ನೆಕ್ನಾಂಪುರ ಕೆರೆಯಲ್ಲಿ ಧ್ರುವಾಂಶ್ ಸಂಸ್ಥೆಯವರು 2018ರಲ್ಲಿ ಎಚ್‌ಎಂಡಿಎ ಮತ್ತಿತರರ ಜೊತೆ ಸೇರಿ ನೀರಿನ ಮೇಲೆ ತೇಲುವ ಗಿಡಗಳ ದ್ವೀಪ ಮಾಡಿದರು. ಬೇರುಗಳು ಕೊಳೆಯನ್ನು ಹೀರಿ ನೀರನ್ನು ತಿಳಿಗೊಳಿಸುತ್ತವೆ. ಬನ್ಸಿಲಾಲ್‌ಪೇಟೆಯ ಹಳೆಯ ಮೆಟ್ಟಿಲು ಬಾವಿ ಕಸ ತುಂಬಿ ಬಾವಿಯೇ ಇಲ್ಲ ಎನ್ನುವ ಹಾಗಾಗಿತ್ತು. ವಾಸ್ತುಶಿಲ್ಪಿ ಕಲ್ಪನಾ ರಮೇಶ್ ಅವರ ರೈನ್‌ವಾಟರ್ ಪ್ರಾಜೆಕ್ಟ್ ತಂಡ ಸರ್ಕಾರದ ಜೊತೆ ಕೂಡಿ ಅದನ್ನು ಮೇಲೆತ್ತಿತು. 2022ರ ಡಿಸೆಂಬರಿನಲ್ಲಿ ಅದು ಜನರಿಗೆ ತೆರೆಯಿತು. ಎರಡೂ ಕಡೆ ಗಮನಿಸಬೇಕಾದ್ದು ಒಂದೇ: ಒಬ್ಬರೇ ಮಾಡಲಿಲ್ಲ, ಒಂದೇ ಜೇಬಿನಿಂದಲೂ ಮಾಡಲಿಲ್ಲ.

ಎರಡನೆಯ ದಾರಿ, ನಮ್ಮ ಮೂರು ವರ್ಷವನ್ನು ಇವತ್ತೇ ಶುರು ಮಾಡುವುದು. ಅದಕ್ಕೆ ಬೇಕಾದ್ದು ದೊಡ್ಡ ಹಣ ಅಲ್ಲ. ನಾನು ಓದುವ ಅರ್ಜಿಗಳಲ್ಲಿ ಎಷ್ಟೋ ಅರ್ಜಿಗಳು 'ಇಪ್ಪತ್ತೈದು ಲಕ್ಷ ಕೊಟ್ಟರೆ ಶುರು ಮಾಡುತ್ತೇವೆ' ಎನ್ನುತ್ತವೆ. ಅಪರೂಪಕ್ಕೆ ಒಂದು ಅರ್ಜಿ 'ಎರಡು ವರ್ಷದಿಂದ ನಾವೇ ಕೈಯಿಂದ ಹಾಕಿ ಇಷ್ಟು ಮಾಡಿದ್ದೇವೆ, ಇದೋ ಪ್ರತಿ ತಿಂಗಳ ಫೋಟೋ, ಇದೋ ಲೆಕ್ಕ, ಈ ಒಂದು ಕೆಲಸ ಮಾತ್ರ ನಮ್ಮಿಂದ ಆಗುತ್ತಿಲ್ಲ' ಎನ್ನುತ್ತದೆ. ಯಾವುದರ ಮೇಲೆ ನಮ್ಮ ತಂಡದವರ ಕಣ್ಣು ನಿಲ್ಲುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನ ಉದಾಹರಣೆ ಹೇಳುತ್ತೇನೆ. ಜೆ.ಪಿ. ನಗರ 7ನೇ ಹಂತದಲ್ಲಿ ಪುಟ್ಟೇನಹಳ್ಳಿ ಕೆರೆ ಇದೆ, ಸುಮಾರು 13 ಎಕರೆ. ಅದು ಹಾಳು ಬಿದ್ದಿದ್ದಾಗ ಲೇಖಕಿ ಉಷಾ ರಾಜಗೋಪಾಲನ್ ಮತ್ತು ನೆರೆಹೊರೆಯ ಕೆಲವರು ಸೇರಿ 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡರು. ಹೂಳೆತ್ತುವುದು, ಏರಿ ಕಟ್ಟುವುದು ಪಾಲಿಕೆಯ ಕೆಲಸವಾಯಿತು. 2011ರಲ್ಲಿ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ದಿನದಿನದ ಆರೈಕೆಯನ್ನು ಟ್ರಸ್ಟ್ ವಹಿಸಿಕೊಂಡಿತು. ಬೆಂಗಳೂರಿನಲ್ಲಿ ನೆರೆಹೊರೆಯ ನಾಗರಿಕರು ಹೀಗೆ ಕೆರೆ ವಹಿಸಿಕೊಂಡದ್ದು ಅದೇ ಮೊದಲು. ಸುತ್ತಲಿನ ಮನೆಗಳವರು ಕೊಟ್ಟ ಸಣ್ಣ ಸಣ್ಣ ದೇಣಿಗೆಯೇ ಅದಕ್ಕೆ ಆಧಾರ. ಕೆರೆಗೆ ನೀರು ಸಾಲದಾದಾಗ ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರು ಬಂತು. ಅದೂ ಒಂದು ದೇಣಿಗೆಯೇ, ರೂಪಾಯಿ ಲೆಕ್ಕದಲ್ಲಿ ಇಲ್ಲ ಅಷ್ಟೇ.

ಈ ಕಥೆಯಿಂದ ನಾನು ತೆಗೆದುಕೊಂಡ ಪಾಠ ಒಂದಿದೆ. ಕೆರೆ ಕೆಲಸದಲ್ಲಿ ಎರಡು ಬಗೆಯ ಖರ್ಚು ಇರುತ್ತದೆ. ಒಮ್ಮೆ ಮಾಡುವ ಖರ್ಚು: ಹೂಳು, ಬೇಲಿ, ಕಾಲುವೆ. ತಿಂಗಳು ತಿಂಗಳು ಬರುವ ಖರ್ಚು: ಕಾಯುವವರ ಸಂಬಳ, ಕಳೆ ತೆಗೆಯುವುದು, ಗಿಡಕ್ಕೆ ನೀರು. ಮೊದಲನೆಯದಕ್ಕೆ ಹಣ ಕೊಡಲು ಜನ ಸಿಗುತ್ತಾರೆ, ಏಕೆಂದರೆ ಅದಕ್ಕೆ ಉದ್ಘಾಟನೆ ಇದೆ, ಬೋರ್ಡು ಇದೆ. ಎರಡನೆಯದಕ್ಕೆ ಕೊಡುವವರು ಕಡಿಮೆ. ಆದರೆ ಕೆರೆ ಉಳಿಯುವುದು ಎರಡನೆಯದರಿಂದ. ನಮ್ಮ ಮನೆಗಳಲ್ಲೂ ಹಾಗೇ ಅಲ್ಲವೇ? ಫ್ರಿಜ್ಜು, ಮಿಕ್ಸಿ ಉಡುಗೊರೆ ಬರುತ್ತವೆ. ಕರೆಂಟ್ ಬಿಲ್ಲನ್ನು ಯಾರೂ ಉಡುಗೊರೆ ಕೊಡುವುದಿಲ್ಲ.

ಅದಕ್ಕೇ ನನ್ನ ಸಲಹೆ: ತಿಂಗಳ ಖರ್ಚು ನಮ್ಮದು, ಒಮ್ಮೆಯ ಖರ್ಚು ಹೊರಗಿನದು. ಲೆಕ್ಕ ಹಾಕಿ ನೋಡಿ. ನಮ್ಮ ಗುಂಪಿನಲ್ಲಿ 120 ಮನೆಗಳಿವೆ. ಮನೆಗೆ ತಿಂಗಳಿಗೆ 100 ರೂಪಾಯಿ ಎಂದರೆ 12,000 ರೂಪಾಯಿ, ವರ್ಷಕ್ಕೆ 1,44,000. ಅದರಲ್ಲಿ 9,000 ಕೊಟ್ಟು ಅರ್ಧ ದಿನದ ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳಬಹುದು. ಉಳಿದ 3,000 ಸಲಿಕೆ, ಬುಟ್ಟಿ, ಗಿಡದ ನೀರು, ಗೊಬ್ಬರಕ್ಕೆ. ಇಲ್ಲಿ ಚೀಟಿ ನಡೆಸುವ ಅಕ್ಕಂದಿರು ಎಷ್ಟು ಜನ ಇದ್ದೀರಿ! ಒಂದು ತಿಂಗಳೂ ತಪ್ಪದಂತೆ ಹಣ ಕೂಡಿಸುವ, ಯಾರದು ಬಾಕಿ ಎಂದು ಬಾಯಲ್ಲೇ ಹೇಳುವ ವಿದ್ಯೆ ನಿಮಗಿದೆ. ಯಾವ ಎಂ.ಟೆಕ್ ಓದಿದರೂ ಅದು ಬರುವುದಿಲ್ಲ.

ಸರ್ಕಾರದ ಹಣವನ್ನೂ ಮರೆಯುವುದು ಬೇಡ. ಅದು ನಮ್ಮದೇ ತೆರಿಗೆ. ತೆಲಂಗಾಣದ 2019ರ ಪುರಸಭಾ ಕಾಯ್ದೆ ಬಜೆಟ್ಟಿನ ಶೇಕಡಾ 10ರಷ್ಟನ್ನು ಹಸಿರಿಗೆ ಎತ್ತಿಡಬೇಕು ಎನ್ನುತ್ತದೆ. ನೆಟ್ಟ ಗಿಡಗಳಲ್ಲಿ ಶೇಕಡಾ 85 ಬದುಕಬೇಕು ಎನ್ನುವ ಗುರಿಯನ್ನೂ ಇಟ್ಟಿದೆ. ಸಸಿ ಬೇಕಾದರೆ ಕೊಳ್ಳುವ ಮೊದಲು ಸರ್ಕಾರಿ ನರ್ಸರಿಯಲ್ಲಿ ಕೇಳಬೇಕು. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ಇದೆ. ಶಾಶ್ವತವಾಗಿ ಉಳಿಯುವ ಸಾರ್ವಜನಿಕ ಕೆಲಸಕ್ಕೆ ಅದನ್ನು ಕೇಳಬಹುದು. ಬರೆದು ಕೊಟ್ಟು, ಸ್ವೀಕೃತಿ ಪಡೆದು, ಮತ್ತೆ ಮತ್ತೆ ಹೋಗಿ ಕೇಳುವ ತಾಳ್ಮೆ ಬೇಕು.

ಹಣಕ್ಕಿಂತ ಮೊದಲು ಒಂದು ಕಾಗದ ಬೇಕು. ಕೆರೆ ನಮ್ಮದಲ್ಲ, ಸರ್ಕಾರದ್ದು. ಅದರ ತುಂಬು ನೀರಿನ ಗಡಿ, ಅಂದರೆ ಎಫ್‌ಟಿಎಲ್, ಎಲ್ಲಿಯವರೆಗೆ ಎಂದು ನಕ್ಷೆಯಲ್ಲಿ ನೋಡಬೇಕು. 10 ಹೆಕ್ಟೇರಿಗಿಂತ ಚಿಕ್ಕ ಕೆರೆಗೆ ಆ ಗಡಿಯಿಂದ ಆಚೆ 9 ಮೀಟರ್, ಅದಕ್ಕಿಂತ ದೊಡ್ಡದಕ್ಕೆ 30 ಮೀಟರ್ ಕಟ್ಟಡ ಬರಬಾರದ ಬಫರ್ ಜಾಗ. ನಮ್ಮ ಕುಂಟದ ಸುತ್ತ ರಾತ್ರಿ ಹೊತ್ತು ಕಟ್ಟಡದ ಮಣ್ಣು ಕಲ್ಲು ಸುರಿಯುತ್ತಿರುವುದನ್ನು ನೀವೆಲ್ಲ ನೋಡಿದ್ದೀರಿ. ಮಣ್ಣು ಬಿದ್ದಷ್ಟು ನೀರು ಹಿಂದಕ್ಕೆ ಸರಿಯುತ್ತದೆ. ಇಲ್ಲಿ ಕೆರೆಯೇ ಇರಲಿಲ್ಲ ಎಂದು ನಾಳೆ ಯಾರಾದರೂ ಹೇಳಿದರೆ ನಮ್ಮ ಕೈಯಲ್ಲಿ ಏನಿರುತ್ತದೆ? ನಕ್ಷೆಯ ಪ್ರತಿ, ದಿನಾಂಕ ಇರುವ ಫೋಟೋ, ಕೊಟ್ಟ ದೂರಿನ ನಂಬರು. ಈ ಮೂರಕ್ಕೆ ಯಾರ ದೇಣಿಗೆಯೂ ಬೇಡ. ಈ ವಾರವೇ ಮಾಡಬಹುದು. ಕೆರೆ ಒತ್ತುವರಿಯನ್ನೂ ನೋಡಿಕೊಳ್ಳುವ ಹೈಡ್ರಾ ಎಂಬ ಸಂಸ್ಥೆ 2024ರಲ್ಲಿ ಆಗಿದೆ. ಅಂಬರ್‌ಪೇಟೆಯ ಬತುಕಮ್ಮ ಕುಂಟವನ್ನು ಅವರು ಅಗೆದು ಮತ್ತೆ ನೀರು ಕಾಣುವಂತೆ ಮಾಡಿದ್ದನ್ನು ನೀವು ಓದಿರುತ್ತೀರಿ.

ಮಕ್ಕಳು ಅಮೆರಿಕದಲ್ಲಿದ್ದಾರೆ, ಅವರೇ ಕಳಿಸುತ್ತಾರೆ ಎಂದು ಕೆಲವು ಅಮ್ಮಂದಿರು ಹೇಳಿದಿರಿ. ತುಂಬಾ ಸಂತೋಷ. ಆದರೆ ಇಲ್ಲಿ ಸೂಕ್ಷ್ಮವಿದೆ. ಮಗನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅವನು ಅಲ್ಲಿಯ ಪ್ರಜೆಯಾಗಿದ್ದರೆ, ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಘಕ್ಕೆ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. ಅಮ್ಮನ ಖಾತೆಗೆ ಹಾಕಿಸಿ ಅಲ್ಲಿಂದ ಸಂಘಕ್ಕೆ ಕೊಡುವ ಅಡ್ಡದಾರಿ ಖಂಡಿತ ಬೇಡ. ಸಾವಿರ ರೂಪಾಯಿಗೆ ಸಂಘದ ಹೆಸರು ಕೆಡಬಾರದು.

ಇಲ್ಲಿರುವವರಿಗೆ 80ಜಿ ರಿಯಾಯಿತಿಯ ಬಗ್ಗೆಯೂ ಒಂದು ಮಾತು. 80ಜಿ ಇರುವ ಸಂಸ್ಥೆಗೆ ಕೊಟ್ಟರೆ ಸಾಮಾನ್ಯವಾಗಿ ಕೊಟ್ಟದ್ದರ ಅರ್ಧದಷ್ಟನ್ನು, ಒಂದು ಮಿತಿಯೊಳಗೆ, ಆದಾಯದಲ್ಲಿ ಕಳೆಯಬಹುದು. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ನಗದಾಗಿ 2,000ಕ್ಕಿಂತ ಹೆಚ್ಚು ಕೊಟ್ಟರೆ ಅದಕ್ಕೂ ಇಲ್ಲ. ಹೊಸ ಪದ್ಧತಿಗೆ ಹೋದವರು ತೆರಿಗೆಗಾಗಿ ಅಲ್ಲ, ಕೆರೆಗಾಗಿಯೇ ಕೊಡಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಕಂಪನಿ ಕೆಲಸಕ್ಕೆ ಹೋಗುವವರಿದ್ದರೆ ಅಲ್ಲಿ ವಿಚಾರಿಸಲು ಹೇಳಿ. ನೌಕರರು ಕೊಟ್ಟಷ್ಟೇ ಹಣವನ್ನು ತಾವೂ ಸೇರಿಸುವ ಪದ್ಧತಿ ಎಷ್ಟೋ ಕಂಪನಿಗಳಲ್ಲಿದೆ. ಅದರ ಬಗ್ಗೆ ನೌಕರರಿಗೇ ತಿಳಿದಿರುವುದಿಲ್ಲ.

ಅರ್ಜಿ ಬರೆಯುವುದು ಹೇಗೆ? ಎರಡು ಪುಟ ಸಾಕು. ಎಲ್ಲಿ, ಯಾರ ಜಾಗ, ಅನುಮತಿ ಇದೆಯೇ. ಈಗ ಹೇಗಿದೆ, ಒಂದು ವರ್ಷದ ನಂತರ ಏನು ಬದಲಾಗಿರುತ್ತದೆ. ಅದನ್ನು ಅಳೆಯುವುದು ಹೇಗೆ. ಎಷ್ಟು ಖರ್ಚು, ಅದರಲ್ಲಿ ನಮ್ಮ ಪಾಲು ಎಷ್ಟು. ಹಣ ಮುಗಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ. ಈ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದ ಅರ್ಜಿಗಳೇ ಹೆಚ್ಚು. ಅಳೆಯಲು ಯಂತ್ರ ಬೇಕಿಲ್ಲ. ಒಂದು ಕಲ್ಲುಕಂಬಕ್ಕೆ ಅಡಿ ಅಡಿಗೆ ಬಣ್ಣದ ಗೆರೆ ಎಳೆದರೆ ನೀರಿನ ಮಟ್ಟ ಗೊತ್ತಾಗುತ್ತದೆ. ನೆಟ್ಟ ಗಿಡಕ್ಕೆ ನಂಬರು ಕಟ್ಟಿ ಮೂರು ತಿಂಗಳಿಗೊಮ್ಮೆ ಎಣಿಸಿದರೆ ಎಷ್ಟು ಉಳಿದವು ತಿಳಿಯುತ್ತದೆ. ಹಕ್ಕಿಗಳನ್ನು ಮಕ್ಕಳು ಎಣಿಸುತ್ತಾರೆ. ಸಮಯವೂ ಮುಖ್ಯ. ಕಂಪನಿಗಳ ವರ್ಷ ಏಪ್ರಿಲಿನಿಂದ ಮಾರ್ಚಿಗೆ. ಯೋಜನೆ ತಯಾರಾಗುವ ಹೊತ್ತಿಗೆ, ವರ್ಷದ ಮೊದಲ ತಿಂಗಳುಗಳಲ್ಲೇ ಅರ್ಜಿ ಅವರ ಮೇಜಿನ ಮೇಲಿರಬೇಕು.

ಎಲ್ಲ ಹಣವೂ ಒಳ್ಳೆಯದಲ್ಲ ಎನ್ನುವುದನ್ನೂ ಹೇಳಬೇಕು. ಒಂದು ಮಳೆಗಾಲದಲ್ಲಿ ನಾನು ಭಾಗವಹಿಸಿದ್ದ ಗಿಡ ನೆಡುವ ಕಾರ್ಯಕ್ರಮದಲ್ಲಿ ಒಂದು ಗಂಟೆಯಲ್ಲಿ ನೂರಾರು ಸಸಿ ನೆಟ್ಟರು, ಬ್ಯಾನರ್ ಹಿಡಿದು ಫೋಟೋ ಆಯಿತು, ಬಸ್ಸು ಹೊರಟಿತು. ಮಾರ್ಚಿನಲ್ಲಿ ಹೋಗಿ ನೋಡಿದರೆ ಒಣಗಿದ ಕಡ್ಡಿಗಳು. ಮರುವರ್ಷ ಅದೇ ಗುಂಡಿಗಳಲ್ಲಿ ಮತ್ತೆ ಸಸಿ, ಮತ್ತೆ ಫೋಟೋ. ನಮ್ಮವರೇ ಆದ ಸಾಲುಮರದ ತಿಮ್ಮಕ್ಕ ಹುಲಿಕಲ್ಲಿನಿಂದ ಕುದೂರಿನ ರಸ್ತೆಯಲ್ಲಿ ಬೆಳೆಸಿದ್ದು 385 ಆಲದ ಮರ. ಗಂಡ ಚಿಕ್ಕಯ್ಯನವರ ಜೊತೆ ದೂರದಿಂದ ನೀರು ಹೊತ್ತು ಹಾಕಿ ಬೆಳೆಸಿದರು. ಆ ಸಾಲುಮರಗಳನ್ನು ಇವತ್ತೂ ನೋಡಬಹುದು. ಹಾಗೆಯೇ, ಕೆರೆಯ ಸುತ್ತ ಕಾಂಕ್ರೀಟ್ ಹಾಕಿ, ಕಾರಂಜಿ ಇಟ್ಟು, ತಮ್ಮ ಹೆಸರಿನ ಕಮಾನು ನಿಲ್ಲಿಸುತ್ತೇವೆ ಎನ್ನುವವರು ಬಂದರೆ, ಕೈಮುಗಿದು ಬೇಡ ಎನ್ನುವ ಧೈರ್ಯವೂ ಇರಬೇಕು. ಸಾರ್ವಜನಿಕ ಕೆರೆಯನ್ನು ಖಾಸಗಿ ಕಂಪನಿಗೆ ಒಪ್ಪಂದದ ಮೇಲೆ ವಹಿಸುವುದು ಸರಿಯೇ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೂ ಬಂದು, 2020ರಲ್ಲಿ ಅಂಥ ಒಪ್ಪಂದಗಳಿಗೆ ತಡೆ ಬಿದ್ದಿತ್ತು. ಹಣ ಯಾರದೇ ಇರಲಿ, ಕೆರೆ ಎಲ್ಲರದೂ ಆಗಿ ಉಳಿಯಬೇಕು. ದನ ಮೇಯಿಸುವವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು ನಮಗಿಂತ ಮೊದಲು ಅಲ್ಲಿದ್ದವರು. ಅವರನ್ನು ಆಚೆ ಇಡುವ ಯೋಜನೆಗೆ ನಾವು ಸಹಿ ಹಾಕಬಾರದು.

ಈ ಕೆಲಸ ಕನ್ನಡದ ಮನೆಗಳಿಂದ ಮಾತ್ರ ಆಗುವುದೂ ಇಲ್ಲ. ನಮ್ಮ ಕರಪತ್ರ ತೆಲುಗಿನಲ್ಲಿಯೂ ಇರಬೇಕು, ಉರ್ದುವಿನಲ್ಲಿಯೂ ಇರಬೇಕು. ಇಲ್ಲಿಯ ಹೆಣ್ಣುಮಕ್ಕಳು ಬತುಕಮ್ಮನನ್ನು ಹೂವಿನಲ್ಲಿ ಕಟ್ಟಿ, ಸುತ್ತ ಆಡಿ ಹಾಡಿ, ಕೊನೆಗೆ ಕೆರೆಯಲ್ಲಿ ಬಿಡುತ್ತಾರೆ. ನಾವು ಗೌರಿಯನ್ನು ನೀರಿಗೆ ಕಳಿಸುತ್ತೇವೆ. ಇಬ್ಬರಿಗೂ ಕೆರೆ ಬೇಕು. ಬಕೆಟ್ಟಿನಲ್ಲಿ ಗೌರಿಯನ್ನು ಬಿಡುವ ನಮ್ಮ ಮಕ್ಕಳಿಗೆ ಈ ಮಾತು ಅರ್ಥವಾಗುವುದೂ ಕಷ್ಟವಾಗುತ್ತಿದೆ. ಅವರ ಬತುಕಮ್ಮ ಗುಂಪಿನ ಮುಖ್ಯಸ್ಥೆಯರನ್ನು ನಮ್ಮ ಮುಂದಿನ ಸಭೆಗೆ ಅರಿಶಿನ ಕುಂಕುಮ ಕೊಟ್ಟು ಕರೆಯೋಣ.

ಕೊನೆಯದಾಗಿ, ಲೆಕ್ಕ. ಹಣ ಯಾರ ಸ್ವಂತ ಖಾತೆಗೂ ಹೋಗಬಾರದು, ನನ್ನದಕ್ಕಂತೂ ಬೇಡವೇ ಬೇಡ. ಸಂಘದ ಹೆಸರಿನಲ್ಲಿ ಬೇರೆ ಖಾತೆ, ಇಬ್ಬರ ಸಹಿ, ಪ್ರತಿ ತಿಂಗಳ 5ನೇ ತಾರೀಖಿಗೆ ಬಂದದ್ದು ಹೋದದ್ದು ವಾಟ್ಸಾಪ್ ಗುಂಪಿಗೆ. ನೂರು ರೂಪಾಯಿ ಕೊಟ್ಟವರಿಗೂ ರಸೀದಿ. ನಂಬಿಕೆ ಒಮ್ಮೆ ಹೋದರೆ ಯಾವ ಸಿಎಸ್‌ಆರ್ ಬಂದರೂ ಅದು ತಿರುಗಿ ಬರುವುದಿಲ್ಲ.

ಹಾಗಾಗಿ ಇವತ್ತು ನಾನು ನಿಮ್ಮಿಂದ ಕೇಳುವುದು ಮೂರು ನಿರ್ಧಾರ. ಒಂದು, ಇದೇ ತಿಂಗಳಿಂದ ಮನೆಗೆ 100 ರೂಪಾಯಿ, ಮೂರು ವರ್ಷ ತಪ್ಪದೆ. ಎರಡು, ನಾಲ್ಕು ಜನರ ಒಂದು ತಂಡ ಈ ವಾರ ನಕ್ಷೆ, ಫೋಟೋ, ದೂರು ಈ ಮೂರನ್ನು ಮುಗಿಸಬೇಕು. ಮೂರು, ಕಾಗದಪತ್ರ ಇರುವ ಒಂದು ಸಂಸ್ಥೆಯನ್ನು ನಮ್ಮ ಜೊತೆ ಸೇರಿಸಿಕೊಳ್ಳಲು ಅಧ್ಯಕ್ಷರಿಗೆ ಒಪ್ಪಿಗೆ. ಅರ್ಜಿ ಬರೆಯುವ ಕೆಲಸ ನನ್ನದು. ಮಳೆಗಾಲಕ್ಕೆ ಮೊದಲು ನೀರು ಬರುವ ಕಾಲುವೆಯನ್ನಾದರೂ ಬಿಡಿಸಿಕೊಳ್ಳದಿದ್ದರೆ ಈ ವರ್ಷದ ಮಳೆಯೂ ರಸ್ತೆಯ ಮೇಲೆ ಹರಿದು ನಮ್ಮ ನೆಲಮಾಳಿಗೆಗೆ ಬರುತ್ತದೆ. ಆಮೇಲೆ ಬೇಸಿಗೆಯಲ್ಲಿ ಅದೇ ನೀರಿಗೆ ಟ್ಯಾಂಕರಿನವರಿಗೆ ದುಡ್ಡು ಕೊಡುತ್ತೇವೆ. ದುಡ್ಡು ಹೇಗೂ ಕೊಡುತ್ತಿದ್ದೇವೆ. ಯಾವುದಕ್ಕೆ ಕೊಡಬೇಕು ಎನ್ನುವುದನ್ನು ಇವತ್ತು ತೀರ್ಮಾನಿಸೋಣ.

ಪ್ರಶ್ನೆಗಳಿದ್ದರೆ ಈಗಲೇ ಕೇಳಿ. ಈ ಸಲ ಕಾಫಿ ಆಮೇಲೆ ಬರಲಿ.